ವೆಂಡೆಲ್‌ನ ಹೊಸ ಕಣ್ಣು ಮತ್ತು ಉಪ್ಪಿನ ಗಣಿಯ ಮನುಷ್ಯ

ಕಣ್ಣಿನ ಆಪರೇಷನ್ ಕೆಟ್ಟು ಕಷ್ಟಕ್ಕೆ ಸಿಕ್ಕಿದವರನ್ನು ನೀವು ನೋಡಿರಬಹುದು. ಆಪರೇಷನ್ ಚೆನ್ನಾಗಿ ಆದದ್ದರಿಂದಲೇ ಕಷ್ಟಕ್ಕೆ ಸಿಕ್ಕಿದವನು ನಾನು ಬಲ್ಲಂತೆ ಒಬ್ಬನೇ. ಅವನು ನಮ್ಮೂರು ಗ್ಲಾಡ್ವಿಕ್‌ನ ವೆಂಡೆಲ್ ಕ್ರುಂಬಾಕ್. ಓಹಾಯೋದ ನಕ್ಷೆಯಲ್ಲಿ ನಮ್ಮೂರನ್ನು ಹುಡುಕುವುದಕ್ಕೂ ಒಳ್ಳೆಯ ಕಣ್ಣೇ ಬೇಕು, ಅದು ಬೇರೆ ಮಾತು.

ವೆಂಡೆಲ್ ನಮ್ಮ ಕೌಂಟಿಯ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ದಿನಸಿ ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು ಇವು ಸುಳ್ಳು ಹೇಳುತ್ತಿವೆಯೋ ನಿಜ ಹೇಳುತ್ತಿವೆಯೋ ಎಂದು ನೋಡುವುದು ಅವನ ಕೆಲಸ. ನಾನು ಕ್ಷೌರಿಕ, ಹೆಸರು ಕ್ಲೆಮ್. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತ ಮನುಷ್ಯ, ಹಿಂದಿನಿಂದ ಕತ್ತರಿಯ ಸದ್ದು ಕೇಳುತ್ತಿದ್ದರೆ, ಪಾದ್ರಿಗೆ ಹೇಳದ್ದನ್ನೂ ಹೇಳಿಬಿಡುತ್ತಾನೆ. ಈ ಕಥೆ ನನಗೆ ಗೊತ್ತಾದದ್ದು ಹಾಗೆ.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದ. ಬಾಲ್ಯದಿಂದ ಮೂಗಿನ ಮೇಲೆ ಕೂತಿದ್ದ ಸೋಡಾ ಬಾಟಲಿ ಗಾಜಿನ ಕನ್ನಡಕ ಇರಲಿಲ್ಲ. ಎರಡೂ ಕಣ್ಣಿನ ಪೊರೆ ತೆಗೆದು, ಒಳಗೆ ಹೊಸ ಮಸೂರ ಕೂರಿಸಿ ಡಾಕ್ಟರ್ ಎಬರ್ಲಿ ಕಳಿಸಿಕೊಟ್ಟಿದ್ದರು.

"ಏನೋ ವೆಂಡೆಲ್, ಕನ್ನಡಕ ಇಲ್ದೆ ನಿನ್ ಮುಖ ನೋಡೋಕೆ ನಂಗೇ ನಾಚಿಕೆ ಆಗ್ತಿದೆಯಲ್ಲೋ!" ಎಂದೆ.

ಅವನು ನಗಲಿಲ್ಲ. ಕುರ್ಚಿಯಲ್ಲಿ ಕೂತು, ಹದಿನೈದು ಅಡಿ ಆಚೆಯ ಗೋಡೆ ನೋಡಿ, "ನಿನ್ ಲೈಸೆನ್ಸ್ ಅವಧಿ ಜುಲೈಲೇ ಮುಗ್ದಿದೆ" ಎಂದ. ಬೇರೆ ಗಿರಾಕಿಗಳು ಹೋದ ಮೇಲೆ ನಿಟ್ಟುಸಿರು ಬಿಟ್ಟ.

"ಕ್ಲೆಮ್, ನಾನು ಹಾಳಾಗ್ಹೋದೆ. ನಂಗೀಗ ಎಲ್ಲಾ ಕಾಣುತ್ತೆ."

ವಿಷಯ ಇಷ್ಟು. ಮೂವತ್ತೆಂಟು ವರ್ಷದ ಹಿಂದೆ, ಒಂದು ಅಕ್ಟೋಬರಿನಲ್ಲಿ, ವೆಂಡೆಲ್ ಮೊದಲ ಸಲ ಡೋರೀನ್‌ಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರ ಹೊರಗಿನ ಬಯಲು ಟಾಕೀಸಿಗೆ ಹೋಗಿದ್ದ. 'ಮೇಣದ ವಧು' ಎಂಬ ಹಳೆಯ ದೆವ್ವದ ಚಿತ್ರ. ಅದರಲ್ಲಿ ವಧು ಮುಸುಕು ತೆಗೆಯುವ ಘಟ್ಟ ಬಂದಾಗ ಅಕ್ಕಪಕ್ಕದ ಕಾರುಗಳಲ್ಲಿದ್ದ ಗಂಡುಗಲಿಗಳೆಲ್ಲ ಪಾಪ್‌ಕಾರ್ನ್ ತರುವ ನೆಪದಲ್ಲಿ ಎದ್ದು ಓಡಿದರು. ವೆಂಡೆಲ್ ಮಾತ್ರ ಕಣ್ಣು ಮಿಟುಕಿಸದೆ ಕೂತಿದ್ದ. ಯಾಕೆಂದರೆ ಕನ್ನಡಕ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದ. ಕನ್ನಡಕವಿಲ್ಲದ ವೆಂಡೆಲ್‌ಗೆ ಮೇಣದ ವಧುವೂ ಒಂದೇ, ಒಣಗಲು ಹಾಕಿದ ದುಪ್ಪಟಿಯೂ ಒಂದೇ. "ಎಷ್ಟು ಧೈರ್ಯ ನಿಂಗೆ!" ಎಂದಳು ಡೋರೀನ್. ಮುಂದಿನ ಜೂನಿನಲ್ಲಿ ಮದುವೆಯಾಯಿತು.

ಆಮೇಲೆ ಅದೇ ಪದ್ಧತಿಯಾಗಿಹೋಯಿತು. ಪ್ರತಿ ಅಕ್ಟೋಬರಿನಲ್ಲಿ, ಶನಿವಾರಕ್ಕೊಂದರಂತೆ, ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತು ಹಳೆಯ ಕಪ್ಪು ಬಿಳುಪು ದೆವ್ವದ ಚಿತ್ರಗಳನ್ನು ನೋಡುವುದು. ತಿಂಗಳ ಕೊನೆಯ ದಿನದ ಹ್ಯಾಲೋವೀನ್ ಹಬ್ಬಕ್ಕೆ 'ಉಪ್ಪಿನ ಗಣಿಯ ಮನುಷ್ಯ'. ದೀಪ ಆರಿಸಿದ ಕೂಡಲೇ ಇವನ ಕನ್ನಡಕ ಜೇಬಿಗೆ. ಊರಲ್ಲಿ ಡೋರೀನ್ ಹೇಳಿಕೊಂಡು ತಿರುಗುತ್ತಿದ್ದಳು: "ನಮ್ ವೆಂಡೆಲ್ ಆ ಗಣಿಯವ್ನನ್ನ ಮೂವತ್ತೇಳು ಸಲ ನೋಡಿದಾನೆ, ಒಂದ್ಸಲಾನೂ ಬೆಚ್ಚಿಲ್ಲ."

"ನಂಗೆ ಗಣಿಯವ್ನಿಗೆ ಮುಖ ಇದ್ಯೋ ಇಲ್ವೋ ಅನ್ನೋದೇ ಗೊತ್ತಿಲ್ಲ ಕ್ಲೆಮ್" ಎಂದ ವೆಂಡೆಲ್. "ಒಂಬತ್ತು ವರ್ಷದವ್ನಿದ್ದಾಗ ಅರ್ಧ ನಿಮಿಷ ಕನ್ನಡಕ ಹಾಕ್ಕೊಂಡು ಒಂದು ದೆವ್ವದ ಸಿನಿಮಾ ನೋಡ್ದೆ. ಆಮೇಲೆ ಎರಡ್ ವಾರ ನಮ್ಮಮ್ಮನ ಮಂಚದ ಕೆಳಗೆ ಮಲಗಿದ್ದೆ. ಈಗ ಕಣ್ಣು ಮುಚ್ಕೊಂಡ್ರೆ ಪಕ್ಕದಲ್ಲೇ ಕೂತೋಳಿಗೆ ಗೊತ್ತಾಗಲ್ವಾ?"

"ಅಯ್ಯೋ, ಡೋರೀನ್‌ಗೆ ಹೇಳ್ಬಿಡು ಮಾರಾಯ. ಈ ವಯಸ್ಸಲ್ಲಿ ಬಿಟ್ಟು ಹೋಗ್ತಾಳಾ?"

ಕನ್ನಡಿಯಲ್ಲಿ ಅವನ ಮುಖ ಸಣ್ಣದಾಯಿತು. "ಅವಳಕ್ಕನ ಗಂಡ ಲಾಯರು. ತಂಗಿ ಗಂಡ ಮಿಲಿಟರೀಲಿ ಪದಕ ತಗೊಂಡೋನು. ನಾನು ಆಲೂಗಡ್ಡೆ ತಕ್ಕಡಿ ನೋಡೋನು. ಅವಳು ನನ್ ಬಗ್ಗೆ ಹೆಮ್ಮೆ ಪಡೋಕೆ ಇರೋದು ಇದೊಂದೇ ಕ್ಲೆಮ್. ಅದನ್ನೂ ಕಿತ್ಕೊಂಡ್ರೆ ಏನ್ ಉಳೀತು?"

ನನಗೆ ನಿಜವಾಗಿ ಪಾಪ ಅನ್ನಿಸಿತು. ಹೆಚ್ಚು ಬುದ್ಧಿ ಇಲ್ಲದವನಿಗೆ ಪಾಪ ಅನ್ನಿಸಿದರೆ ಅವನು ಸಲಹೆ ಕೊಡುತ್ತಾನೆ. ನಾನು, "ಡಾಕ್ಟರನ್ನ ಕೇಳಿ ನೋಡು" ಎಂದೆ.

ಅವನು ಹೋದ. ಅಲ್ಲಿ ನಡೆದದ್ದನ್ನು ಡಾಕ್ಟರ ಆಸ್ಪತ್ರೆಯ ಗುಮಾಸ್ತೆ ಆಮೇಲೆ ಊರಿಗೆಲ್ಲ ಅಭಿನಯಿಸಿ ತೋರಿಸಿದಳು.

"ಡಾಕ್ಟ್ರೇ, ಇದನ್ನ ಸ್ವಲ್ಪ ಹಿಂದಕ್ಕೆ ತಿರುಗಿಸೋಕಾಗುತ್ತಾ?"

"ಯಾವುದನ್ನ, ಮಿಸ್ಟರ್ ಕ್ರುಂಬಾಕ್?"

"ಕಣ್ಣನ್ನ. ಪೂರ್ತಿ ಬೇಡ. ಅಕ್ಟೋಬರ್ ಒಂದು ತಿಂಗಳ ಮಟ್ಟಿಗೆ."

"ನಿಮಗೆ ಏನು ಕಾಣ್ತಿಲ್ಲ, ಅದನ್ನ ಹೇಳಿ."

"ಎಲ್ಲಾ ಕಾಣ್ತಿದೆ. ಅದೇ ತೊಂದ್ರೆ."

ಡಾಕ್ಟರ್ ಎಬರ್ಲಿ ನಾಲ್ಕು ಸಾವಿರ ಕಣ್ಣು ಬಿಚ್ಚಿ ಮುಚ್ಚಿದವರು. ಇಂಥ ದೂರು ಕೇಳಿರಲಿಲ್ಲ. ಟಾರ್ಚು ಹಾಕಿ ಕಣ್ಣು ನೋಡಿದರು, ಆಮೇಲೆ ಕಿವಿಯನ್ನೂ ನೋಡಿದರು, ಕೊನೆಗೆ ಮನೆಗೆ ಹೋಗಿ ಮಲಗಿ ಎಂದರು.

ಉಳಿದದ್ದು ನನ್ನ ಅಂಗಡಿಯ ಬಾಗಿಲ ಬಳಿಯ ಡಬ್ಬ. ಊರಿನ ಸೇವಾ ಸಂಘದವರು ಇಟ್ಟದ್ದು: ಮನೆಯಲ್ಲಿ ಬೇಡದ ಕನ್ನಡಕವಿದ್ದರೆ ಅದರೊಳಗೆ ಹಾಕಬೇಕು, ದೂರದ ಬಡವರಿಗೆ ಹೋಗುತ್ತದೆ. ವೆಂಡೆಲ್ ಅದಕ್ಕೆ ಕೈ ಹಾಕಿ ಒಂದೊಂದೇ ತೆಗೆದು ಮೂಗಿಗೇರಿಸಿ ನೋಡಿದ. ಹನ್ನೆರಡನೆಯದು ಕಂದು ಚೌಕಟ್ಟಿನದು, ಗಾಜು ಬೆರಳಿನಷ್ಟು ದಪ್ಪ.

ನಾನು ಕೈಯೆತ್ತಿ, "ಎಷ್ಟು ಬೆರಳು?" ಎಂದೆ.

"ಯಾವ ಕೈ?" ಎಂದ. ಅವನ ಮುಖದಲ್ಲಿ ಹಳೆಯ ನೆಮ್ಮದಿ ಬಂದಿತ್ತು.

ಅಕ್ಟೋಬರಿನ ಮೊದಲ ಶನಿವಾರ ಸಂಜೆ 'ಏಳನೆಯ ಶವಪೆಟ್ಟಿಗೆ'. ವೆಂಡೆಲ್ ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತ. ಪರದೆಯ ಮೇಲೆ ಏಳು ಶವಪೆಟ್ಟಿಗೆಗಳು ತೆರೆದುಕೊಂಡವು. ವೆಂಡೆಲ್‌ಗೆ ಏಳು ಬೂದು ಮೋಡಗಳು ಕಂಡವು. ಒಮ್ಮೆಯೂ ಬೆಚ್ಚಲಿಲ್ಲ. ಆದರೆ ಪಾಪ್‌ಕಾರ್ನ್ ಎಂದುಕೊಂಡು ಡೋರೀನ್‌ಳ ಉಣ್ಣೆಯ ಬುಟ್ಟಿಗೆ ಕೈಹಾಕಿ ಒಂದು ತುದಿ ಬಾಯಿಗಿಟ್ಟುಕೊಂಡ. ಚಿತ್ರ ಮುಗಿದ ಮೇಲೆ ಎದ್ದು, ಮೂಲೆಯ ದೀಪದ ಕಂಬಕ್ಕೆ ಬಹಳ ಪ್ರೀತಿಯಿಂದ ಗುಡ್ ನೈಟ್ ಹೇಳಿದ.

"ವೆಂಡೆಲ್" ಎಂದಳು ಡೋರೀನ್, ಬೇರೆಯೇ ದಿಕ್ಕಿನಿಂದ. "ಇದ್ಯಾವ ಕನ್ನಡಕ? ನಿಂಗೆ ಕನ್ನಡಕ ಬೇಡ ಅಂದಿದ್ರಲ್ಲ?"

ತಕ್ಕಡಿ ನೋಡುವವನಲ್ಲವೇ, ಪೂರ್ತಿ ಸುಳ್ಳು ಬಾಯಿಗೆ ಬರಲಿಲ್ಲ. "ಇದನ್ನ ಹಾಕ್ಕೊಂಡಾಗ ಸ್ವಲ್ಪ ಮಂಜು ಮಂಜಾಗಿ ಕಾಣುತ್ತೆ ಕಣೇ" ಎಂದ. ಇದು ಅಕ್ಷರಶಃ ನಿಜ.

"ಹಾಕ್ಕೊಂಡ್ರೂ ಮಂಜಾ!" ಎಂದು ಡೋರೀನ್ ಬಾಯಿಗೆ ಸೆರಗು ಹಿಡಿಯುವಂತೆ ಏಪ್ರನ್ ಹಿಡಿದಳು.

ನಮ್ಮೂರ ಚರ್ಚಿನಲ್ಲಿ ಪ್ರಾರ್ಥನೆಯ ಸರಪಳಿ ಎಂಬುದೊಂದಿದೆ. ಯಾರಿಗಾದರೂ ಕಾಯಿಲೆಯಾದರೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಬೇಕು, ಅವರು ಮತ್ತೊಬ್ಬರಿಗೆ, ಹೀಗೆ ಊರೆಲ್ಲ ಸುತ್ತಿ ಎಲ್ಲರೂ ಪ್ರಾರ್ಥಿಸಬೇಕು. ದೇವರಿಗೆ ಸುದ್ದಿ ಎಷ್ಟು ಸರಿಯಾಗಿ ಮುಟ್ಟುತ್ತದೋ ನಾನರಿಯೆ, ಊರಿಗಂತೂ ಒಂದು ಕೈ ಹೆಚ್ಚಾಗಿಯೇ ಮುಟ್ಟುತ್ತದೆ. ಡೋರೀನ್ ಮೊದಲ ಫೋನಿನಲ್ಲಿ ಹೇಳಿದ್ದು, "ವೆಂಡೆಲ್‌ಗೆ ಸಂಜೆ ಹೊತ್ತು ಸ್ವಲ್ಪ ಮಂಜಂತೆ." ನಾಲ್ಕನೆಯ ಫೋನಿಗೆ ಎಡಗಣ್ಣು ಹೋಗಿತ್ತು. ಒಂಬತ್ತನೆಯದಕ್ಕೆ ಬಲಗಣ್ಣೂ ಹೋಯಿತು. ನನಗೆ ಫೋನು ಬಂದಾಗ ವೆಂಡೆಲ್ ಬಿಳಿ ಕೋಲು ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದ, ಕುರುಡರಿಗೆ ದಾರಿ ತೋರಿಸುವ ನಾಯಿಗೂ ಹೇಳಿ ಕಳಿಸಿದ್ದರು.

ಮರುದಿನ ಮಧ್ಯಾಹ್ನದೊಳಗೆ ಅವರ ಮನೆ ಬಾಗಿಲಿಗೆ ಹನ್ನೊಂದು ಗಾಜಿನ ಬೋಗುಣಿ ಬಂದವು. ನಮ್ಮಲ್ಲಿ ದುಃಖವಾದವರ ಮನೆಗೆ ಓವನ್‌ನಲ್ಲಿ ಬೇಯಿಸಿದ ಟ್ಯೂನಾ ಮೀನಿನ ನೂಡಲ್ಸ್ ಕಳಿಸುವುದು ಕ್ರಮ. ಬೋಗುಣಿಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಯಜಮಾನಿಯ ಹೆಸರು ಬರೆದಿರುತ್ತಾರೆ, ದುಃಖ ಎಷ್ಟೇ ದೊಡ್ಡದಾಗಿರಲಿ ಬೋಗುಣಿ ವಾಪಸು ಬರಬೇಕು. ಈ ಸಲ ಹೆಸರುಗಳನ್ನು ಅಂಗೈಯಗಲ ಅಕ್ಷರದಲ್ಲಿ ಬರೆದಿದ್ದರು, ವೆಂಡೆಲ್‌ಗೆ ಅನುಕೂಲವಾಗಲೆಂದು.

ಈಗ ಅವನು ಹಗಲಿನಲ್ಲೂ ಆ ಕನ್ನಡಕ ಹಾಕಲೇಬೇಕಾಯಿತು. ಹಾಕಿದ ಮೇಲೆ ನಿಜವಾಗಿಯೂ ಕಾಣುತ್ತಿರಲಿಲ್ಲವಾದ್ದರಿಂದ ಅಂಚೆ ಪೆಟ್ಟಿಗೆಗೆ ಢಿಕ್ಕಿ ಹೊಡೆದು ಕ್ಷಮೆ ಕೇಳಿದ. ಅದನ್ನು ಆರು ಜನ ನೋಡಿ ಕಣ್ಣೀರು ಹಾಕಿದರು. ಒಂದೇ ಬೆಳಿಗ್ಗೆ ಮೂರು ಸಲ ಅವನನ್ನು ಕೈಹಿಡಿದು ರಸ್ತೆ ದಾಟಿಸಿದರು. ಅವನಿಗೆ ಒಂದು ಸಲವೂ ಆಚೆ ಹೋಗಬೇಕಾಗಿರಲಿಲ್ಲ. ಮೂರು ಸಲ ದಾಟಿಸಿದ್ದರಿಂದ ಆಚೆಯೇ ಉಳಿದ. ಕಚೇರಿಯ ಮೇಲಧಿಕಾರಿ ರಜೆ ಕೊಟ್ಟರು. ದಿನಸಿ ಅಂಗಡಿಯವನು ಅತ್ಯಂತ ಸಂತೋಷದಿಂದ ಸಂತಾಪ ಸೂಚಿಸಿದ.

ಊರ ಸಭೆಯೂ ಸುಮ್ಮನಿರಲಿಲ್ಲ. ಹ್ಯಾಲೋವೀನ್‌ನ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿಗೆ ಹೋಗುವ ಹೊತ್ತನ್ನು ನಮ್ಮಲ್ಲಿ ಸಭೆಯೇ ಗೊತ್ತು ಮಾಡುತ್ತದೆ, ಆರಕ್ಕೆ ಶುರು, ಎಂಟಕ್ಕೆ ಮುಕ್ತಾಯ, ಎರಡಕ್ಕೂ ಅಗ್ನಿಶಾಮಕ ಠಾಣೆಯ ಸೈರನ್. ಈ ಸಲದ ನಿರ್ಣಯಕ್ಕೆ ಮೇಯರ್ ಒಂದು ಸಾಲು ಸೇರಿಸಿದರು: "ಶ್ರೀ ಕ್ರುಂಬಾಕ್ ಅವರ ಮನೆಗೆ ಹೋಗುವ ಪ್ರತಿಯೊಂದು ಮಗುವೂ ತಾನು ಯಾವ ವೇಷ ಹಾಕಿದ್ದೇನೆಂಬುದನ್ನು ಗಟ್ಟಿಯಾಗಿ ಕೂಗಿ ಹೇಳತಕ್ಕದ್ದು." ಸರ್ವಾನುಮತದಿಂದ ಅಂಗೀಕಾರವಾಯಿತು.

"ಇದು ಮಿತಿ ಮೀರ್ತಿದೆ ಕಣೋ" ಎಂದೆ ನಾನು.

"ಇನ್ನು ನಾಲ್ಕೇ ಸಿನಿಮಾ ಕ್ಲೆಮ್. ನವೆಂಬರ್ ಒಂದಕ್ಕೆ ನಂಗೆ ವಾಸಿ ಆಗುತ್ತೆ" ಎಂದ ವೆಂಡೆಲ್, ನಾನೆಂದುಕೊಂಡು ನನ್ನ ಟೋಪಿ ಗೂಟಕ್ಕೆ.

ಹೇಝಲ್ ಪ್ರುಯೆಟ್ ಇಲ್ಲದಿದ್ದರೆ ಹಾಗೇ ಆಗುತ್ತಿತ್ತೇನೋ. ಹೇಝಲ್ ನಮ್ಮೂರ ಗ್ರಂಥಾಲಯದ ಮುಖ್ಯಸ್ಥೆ, ವೆಂಡೆಲ್‌ನ ಪಕ್ಕದ ಮನೆಯಾಕೆ, ಐದು ವರ್ಷದಿಂದ ವಿಧವೆ. ಹನ್ನೆರಡನೆಯ ಬೋಗುಣಿ ಹಿಡಿದು ಬಾಗಿಲು ತಟ್ಟಿದಳು. ವೆಂಡೆಲ್ ಬಾಗಿಲು ತೆರೆದ. ಅವಳು ಬೋಗುಣಿ ಕೈಬಿಟ್ಟಳು.

"ಫ್ಲಾಯ್ಡ್!"

"ಅಲ್ಲಮ್ಮಾ, ವೆಂಡೆಲ್ಲು" ಎಂದ ವೆಂಡೆಲ್, ಯಾರು ಬಂದರೆಂದು ತಿಳಿಯದೆ.

"ಅದು ನಮ್ ಫ್ಲಾಯ್ಡ್‌ದು! ಎಡಗಡೆ ಕಡ್ಡೀಗೆ ನಾನೇ ತಂತಿ ಸುತ್ತಿದ್ದು! ಅವನು ಹೋದ್ಮೇಲೆ ಆ ಕ್ಷೌರದಂಗಡಿ ಡಬ್ಬಕ್ಕೆ ನಾನೇ ಹಾಕಿ ಬಂದೆ!"

ಡಬ್ಬದೊಳಗಿನದು ಐದು ವರ್ಷವಾದರೂ ಅಲ್ಲೇ ಇತ್ತೆಂಬುದು ಸೇವಾ ಸಂಘದವರು ಉತ್ತರ ಹೇಳಬೇಕಾದ ಮಾತು, ನನ್ನನ್ನು ಕೇಳಬೇಡಿ. ವೆಂಡೆಲ್ ಕಳ್ಳನಂತೆ ಸಿಕ್ಕಿಬಿದ್ದೆ ಎಂದುಕೊಂಡು ಬೆವರಿದ. ಆದರೆ ಹೇಝಲ್‌ಳ ಕಣ್ಣಿಗೆ ಕಂಡದ್ದು ಬೇರೆ: ಕುರುಡಾಗುತ್ತಿರುವ ಬಡಪಾಯಿ, ಯಾರಿಗೂ ಹೇಳಿಕೊಳ್ಳದೆ ಡಬ್ಬದಲ್ಲಿ ಕೈಯಾಡಿಸಿ, ಸತ್ತವನ ಕನ್ನಡಕದಲ್ಲಿ ಲೋಕವನ್ನು ಕೊನೆಯ ಸಲ ನೋಡಲು ಒದ್ದಾಡುತ್ತಿದ್ದಾನೆ. ಮೆಟ್ಟಿಲ ಮೇಲೆ ಚೆಲ್ಲಿದ ನೂಡಲ್ಸ್ ನಡುವೆಯೇ ಅವನನ್ನು ತಬ್ಬಿಕೊಂಡು ಅತ್ತಳು.

"ಇಟ್ಕೋಪ್ಪಾ, ನೀನೇ ಇಟ್ಕೋ. ಫ್ಲಾಯ್ಡ್ ಇದ್ದಿದ್ರೆ ಅವನೇ ಕೊಡ್ತಿದ್ದ. ನೋಡು ವೆಂಡೆಲ್, ನಿನ್ ಕಣ್ಣು ಪೂರ್ತಿ ಹೋಗೋಕೆ ಮುಂಚೆ ನಾನೊಂದು ಮಾಡ್ತೀನಿ. ನಿನ್ನ ಆ ಗಣಿಯವ್ನಿದಾನಲ್ಲ, ಅವನನ್ನ ಗ್ರಂಥಾಲಯದ ಹಾಲ್‌ನಲ್ಲಿ ದೊಡ್ಡ ಪರದೆ ಮೇಲೆ ಹಾಕಿಸ್ತೀನಿ. ಹ್ಯಾಲೋವೀನ್ ದಿನ ಮಧ್ಯಾಹ್ನ ಎರಡು ಗಂಟೆಗೆ. ಮೊದಲ್ನೇ ಸಾಲು, ಮಧ್ಯದ ಕುರ್ಚಿ ನಿಂದು. ಊರಿಗ್ ಊರೇ ಬರುತ್ತೆ!"

ಒಳಗಿನಿಂದ ಕೇಳಿಸಿಕೊಂಡ ಡೋರೀನ್ ಕೂಡ ಬಂದು ತಬ್ಬಿಕೊಂಡಳು. ಮೂವರೂ ಅತ್ತರು. ಅವರಲ್ಲಿ ನಿಜವಾದ ಕಾರಣವಿದ್ದು ಅತ್ತವನು ವೆಂಡೆಲ್ ಒಬ್ಬನೇ.

ಹ್ಯಾಲೋವೀನ್ ಶನಿವಾರವೇ ಬಿತ್ತು. ಎರಡು ಗಂಟೆಗೆ ಹಾಲ್ ತುಂಬಿತ್ತು. ಮೇಯರ್ ಕುಂಬಳಕಾಯಿಯಾಗಿ ಬಂದಿದ್ದರು, ಬಾಗಿಲಲ್ಲಿ ಹಿಡಿಸದೆ ಇಬ್ಬರು ಒಳಕ್ಕೆ ನೂಕಬೇಕಾಯಿತು. ಪಾದ್ರಿ ತೋಳವಾಗಿದ್ದರು. ನಾನು ಅಂಗಡಿಯ ಬಿಳಿ ಕೋಟಿನಲ್ಲೇ ಹೋಗಿದ್ದೆ; ಡಾಕ್ಟರ ವೇಷವೆಂದುಕೊಂಡು ಮೂವರು ತಮ್ಮ ಮಂಡಿನೋವು ಹೇಳಿಕೊಂಡರು. ವೆಂಡೆಲ್ ಮತ್ತು ಡೋರೀನ್ ಮೊದಲ ಸಾಲಿನ ಮಧ್ಯದಲ್ಲಿ, ನಾನು ಅವರ ಸರಿಯಾಗಿ ಹಿಂದೆ. ಪರದೆ ಎಷ್ಟು ಹತ್ತಿರವಿತ್ತೆಂದರೆ ವೆಂಡೆಲ್ ಕಾಲು ಚಾಚಿದರೆ ತಾಗುತ್ತಿತ್ತು. ಕನ್ನಡಕ ಇದೆಯಲ್ಲ ಎಂಬ ಧೈರ್ಯದಿಂದ ಅವನು ಕೂತಿದ್ದ.

ಹೇಝಲ್ ಭಾಷಣ ಶುರು ಮಾಡಿದಳು. "ಬೆಳಕು ಆರೋಕೆ ಮುಂಚೆ ನಮ್ಮ ಧೀರ ಗೆಳೆಯ..." ಎನ್ನುವಷ್ಟರಲ್ಲಿ ಹಿಂದಿನ ಬಾಗಿಲು ದಢಾರೆಂದು ತೆರೆದುಕೊಂಡಿತು. ಕಡಲುಗಳ್ಳನೊಬ್ಬ ಒಂದು ಕಣ್ಣಿಗೆ ಕರಿಪಟ್ಟಿ ಕಟ್ಟಿಕೊಂಡು ದಾಪುಗಾಲಿನಲ್ಲಿ ಬಂದ. ಡಾಕ್ಟರ್ ಎಬರ್ಲಿ!

"ಯಾರ್ರೀ ಹೇಳಿದ್ದು ಇವ್ರ ಕಣ್ಣು ಹೋಗ್ತಿದೆ ಅಂತ? ಒಂಬತ್ತು ಜನ ಆಪರೇಷನ್ ಬೇಡ ಅಂತ ಫೋನ್ ಮಾಡಿದಾರೆ ನಂಗೆ! ಒಂಬತ್ತು ಜನ! ಮಿಸ್ಟರ್ ಕ್ರುಂಬಾಕ್, ಎದ್ದು ನಿಂತ್ಕೊಳ್ಳಿ. ಇದ್ಯಾವುದಿದು?" ಎಂದು ಫ್ಲಾಯ್ಡ್‌ನ ಕನ್ನಡಕ ಕಿತ್ತುಕೊಂಡರು. ತಮ್ಮ ಒಂಟಿ ಕಣ್ಣಿಗೆ ಹಿಡಿದು ನೋಡಿ, "ಅಬ್ಬಬ್ಬಾ! ಇದ್ರಲ್ಲಿ ಗೂಬೆಗೂ ಕಾಣಲ್ಲ!" ಎಂದರು. "ಅಲ್ಲಿ ಬಾಗಿಲ ಹತ್ರ ಒಂದು ಪ್ರಕಟಣೆ ಇದೆಯಲ್ಲ, ಓದಿ ಅದನ್ನ."

ಇಲ್ಲಿ ಅವನು ತಡವರಿಸಿದ್ದರೆ ಸಾಕಿತ್ತು. ಆದರೆ ಅಂಕಿಅಂಶ ಓದಿ ಎಂದರೆ ತಪ್ಪು ಓದುವುದು ಆ ಮನುಷ್ಯನಿಂದ ಆಗದ ಕೆಲಸ.

"ಈ ಕೋಣೆಯಲ್ಲಿ ನೂರಾ ನಲವತ್ತು ಜನಕ್ಕಿಂತ ಹೆಚ್ಚು ಸೇರಕೂಡದು" ಎಂದು ಓದಿದ. "ಅಗ್ನಿಶಾಮಕ ಅಧಿಕಾರಿಯ ಆದೇಶ. ಕೆಳಗೆ ಸಹಿ ಇದೆ. ಸಹಿ ಕೆಳಗೆ ಮುದ್ರಕರ ವಿಳಾಸ. ಡಾಕ್ಟ್ರೇ, ಇಲ್ಲಿ ನೂರೈವತ್ತರ ಮೇಲಿದಾರೆ."

ನಾನು ಕಣ್ಣು ಮುಚ್ಚಿಕೊಂಡೆ, ಎಲ್ಲ ಮುಗಿಯಿತೆಂದು. ಆಗ ತೋಳದ ವೇಷದ ಪಾದ್ರಿ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು.

"ಪ್ರಾರ್ಥನೆಯ ಸರಪಳಿ!"

ಹಾಲ್ ಸಿಡಿಯಿತು. ಚಪ್ಪಾಳೆ, ಅಳು, ತಬ್ಬಾಟ. ಹನ್ನೆರಡು ಬೋಗುಣಿಯ ಯಜಮಾನಿಯರೂ ತಮ್ಮ ತಮ್ಮ ನೂಡಲ್ಸ್‌ನಲ್ಲೇ ಏನೋ ಗುಣವಿತ್ತೆಂದು ಹೇಳತೊಡಗಿದರು.

"ಪ್ರಾರ್ಥನೆ ಅಲ್ರೀ! ಆಪರೇಷನ್ನು! ನಾನು ಮಾಡಿದ್ದು!" ಎಂದು ಡಾಕ್ಟರು ಕೂಗಿದರು.

"ನೀವು ಮಾಡಿ ಕೆಡಿಸಿದ್ದನ್ನ ದೇವ್ರು ಸರಿ ಮಾಡ್ದ" ಎಂದರು ಪಾದ್ರಿ. ಕಡಲುಗಳ್ಳನೂ ತೋಳವೂ ಮೂಗಿಗೆ ಮೂಗು ತಾಗಿಸಿಕೊಂಡು ನಿಂತವು. ಕುಂಬಳಕಾಯಿ ನಡುವೆ ಉರುಳಿ ಬಂದು ಬಿಡಿಸಿತು. ವೆಂಡೆಲ್ ಆ ಕನ್ನಡಕ ಯಾಕೆ ಹಾಕಿಕೊಂಡಿದ್ದ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಗಲಾಟೆ ಅಡಗಿಸಲು ಹೇಝಲ್ ದೀಪ ಆರಿಸಿ ಚಿತ್ರ ಶುರು ಮಾಡಿಬಿಟ್ಟಳು. ಕನ್ನಡಕ ಡಾಕ್ಟರ ಜೇಬಿನಲ್ಲೇ ಉಳಿಯಿತು.

ವೆಂಡೆಲ್‌ನ ಕುತ್ತಿಗೆಯ ಹಿಂಭಾಗ ನನಗೆ ಚೆನ್ನಾಗಿ ಪರಿಚಯ, ನಲವತ್ತು ವರ್ಷ ಅಲ್ಲಿನ ಕೂದಲು ಕತ್ತರಿಸಿದ್ದೇನೆ. ಅದು ಅಷ್ಟು ಬೆಳ್ಳಗಾದದ್ದನ್ನು ನೋಡಿರಲಿಲ್ಲ. ಪರದೆಯ ಮೇಲೆ ಗಣಿಯ ಬಾಯಿ. ಒಳಗಿನಿಂದ ಏನೋ ಎಳೆದುಕೊಂಡು ಬರುವ ಸದ್ದು. ವೆಂಡೆಲ್ ಕುರ್ಚಿಯ ಕೈ ಹಿಡಿದ. ಸದ್ದು ಹತ್ತಿರವಾಯಿತು. ಇನ್ನು ನೋಡಲಾರೆ ಎಂದು ಅವನು ಮುಖ ಪಕ್ಕಕ್ಕೆ ತಿರುಗಿಸಿದ, ಹೆಂಡತಿಯ ಕಡೆಗೆ.

ತಿರುಗಿಸಿದವನು ಹಾಗೇ ಉಳಿದ. ನಾನೂ ಬಗ್ಗಿ ನೋಡಿದೆ.

ಡೋರೀನ್ ನೆಟ್ಟಗೆ ಕೂತಿದ್ದಳು. ಗಲ್ಲ ಮೇಲೆತ್ತಿ, ತುಟಿಯ ಮೇಲೆ ಬಹಳ ಮೆಚ್ಚುಗೆಯ ನಗು ಇಟ್ಟುಕೊಂಡು, ಎರಡೂ ಕಣ್ಣುಗಳನ್ನು ಬಲವಾಗಿ ಮುಚ್ಚಿಕೊಂಡಿದ್ದಳು.

"ಡೋರೀನ್?" ಎಂದ ವೆಂಡೆಲ್, ಪಿಸುದನಿಯಲ್ಲಿ.

"ಎಂಥಾ ಸೀನು, ಅಲ್ವಾ!" ಎಂದಳು ಅವಳು, ಕಣ್ಣು ತೆರೆಯದೆ.

"ನೀನು ಕಣ್ಣು ಮುಚ್ಕೊಂಡಿದೀಯ."

ನಗು ಜಾರಿತು. ಒಂದು ಕಣ್ಣು ಮೆಲ್ಲಗೆ ತೆರೆದುಕೊಂಡಿತು. "ನಿಂಗೆ ಈ ಕತ್ತಲಲ್ಲಿ ಕಾಣುತ್ತಾ?"

"ಈಗ ಕಾಣುತ್ತೆ. ಎಷ್ಟ್ ದಿನದಿಂದ ಹೀಗೆ?"

"ಮೇಣದ ವಧುವಿನಿಂದ." ಅವಳು ಇನ್ನೊಂದು ಕಣ್ಣನ್ನೂ ತೆರೆದಳು. "ನಂಗೆ ಮೊದ್ಲಿಂದಾನೂ ಆಗಲ್ಲ ವೆಂಡೆಲ್. ನೀನು ಅಷ್ಟ್ ಧೈರ್ಯದಿಂದ ನೋಡ್ತಿದ್ದೆ. ನಂಗ್ ಭಯ ಅಂದ್ರೆ ಇಂಥ ಪುಕ್ಕಲೀನ ಯಾಕ್ ಕಟ್ಕೊಂಡೆ ಅಂದ್ಕೋತೀಯ ಅಂತ. ನಿಂಗೆ ಇಷ್ಟ ಅಲ್ವಾ ಅಂತ ಪ್ರತಿ ವರ್ಷ ಹುಡುಕಿ ಹುಡುಕಿ ತರ್ತಿದ್ದೆ."

ವೆಂಡೆಲ್ ಎಲ್ಲವನ್ನೂ ಹೇಳಿದ: ಜೇಬು, ಕನ್ನಡಕ, ಡಬ್ಬ. ನಾಲ್ಕೇ ಮಾತಿನಲ್ಲಿ ಮುಗಿಯಿತು. ಅಷ್ಟು ವರ್ಷ ಹೊತ್ತದ್ದು ಅಷ್ಟೇ ಅಷ್ಟಾಗಿತ್ತು.

ಡೋರೀನ್ ಅವನನ್ನೇ ನೋಡಿದಳು. "ಹಂಗಾದ್ರೆ ಮೂವತ್ತೇಳು ವರ್ಷ ನಮ್ಮನೇಲಿ ಆ ಸಿನಿಮಾ ನೋಡಿದೋರು ಯಾರೋ?"

"ಬೆಕ್ಕು" ಎಂದ ವೆಂಡೆಲ್.

ಅವಳಿಗೆ ನಗು ತಡೆಯಲಾಗಲಿಲ್ಲ. ಸರಿಯಾಗಿ ಆಗಲೇ ಪರದೆಯ ಮೇಲೆ ಗಣಿಯವನು ಹೊರಬಂದ. ನೂರೈವತ್ತು ಜನ ಒಟ್ಟಿಗೆ ಕಿರುಚಿದರು. ಎಲ್ಲರಿಗಿಂತ ಜೋರಾಗಿ ತೋಳ ಕಿರುಚಿತು. ಡೋರೀನ್ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಭುಜದಲ್ಲಿ ಮುಖ ಹುದುಗಿಸಿದಳು.

"ನಂಗಾಗಲ್ಲಪ್ಪಾ. ನೀನು ನೋಡು. ಅವನು ಹೋದ್ಮೇಲೆ ಹೇಳು."

ವೆಂಡೆಲ್ ಪರದೆಯ ಕಡೆ ತಿರುಗಿದ. ಅವನ ಇನ್ನೊಂದು ಕೈ ಕುರ್ಚಿಯನ್ನು ಹಿಡಿದ ಬಿಗಿಗೆ ಕುರ್ಚಿ ಕಿರುಗುಟ್ಟುತ್ತಿತ್ತು. ಆದರೂ ಕಣ್ಣು ಬಿಟ್ಟುಕೊಂಡು, ಉಪ್ಪು ಮೆತ್ತಿದ ಆ ಮುಖವನ್ನು ಮೊದಲ ಸಲ, ಪೂರ್ತಿಯಾಗಿ, ನೋಡಿದ. ಯಾರಾದರೊಬ್ಬರು ನೋಡಲೇಬೇಕಾಗಿತ್ತು.

"ಹೋದ್ನಾ?" ಎಂದಳು ಡೋರೀನ್.

"ಇನ್ನೂ ಇಲ್ಲ."

ಗಣಿಯವನು ಇಬ್ಬರು ಕಾವಲುಗಾರರನ್ನು ಮುಗಿಸಿದ. ಚರ್ಚಿನ ಗಂಟೆಗೂಡು ಹತ್ತಿದ. ಊರವರು ದೀವಟಿಗೆ ಹಿಡಿದು ಬಂದರು. ಕೊನೆಗೆ ನಾಯಕ ಅವನನ್ನು ನದಿಗೆ ನೂಕಿದ. ಉಪ್ಪಿನ ದೇಹವಲ್ಲವೇ, ನೀರಿನಲ್ಲಿ ಕರಗಿಯೇ ಹೋದ. ಬೆಳಗಾಯಿತು, ಹಕ್ಕಿ ಕೂಗಿತು, ನಾಯಕನೂ ನಾಯಕಿಯೂ ಹುಲ್ಲಿನ ಗಾಡಿಯಲ್ಲಿ ಕೂತು ಹಾಡುತ್ತಾ ಹೊರಟರು. ವೆಂಡೆಲ್‌ನ ಕೈ ಕುರ್ಚಿಯನ್ನು ಆಗಲೇ ಬಿಟ್ಟಿತ್ತು.

"ವೆಂಡೆಲ್, ಹಾಡು ಕೇಳ್ತಿದೆ. ಅವನು ಹೋದ್ನಾ?"

ವೆಂಡೆಲ್ ತನ್ನ ಭುಜದ ಮೇಲಿದ್ದ ನರೆತ ತಲೆಯನ್ನು ನೋಡಿದ. ಗಾಡಿಯನ್ನು ನೋಡಿದ.

"ಇಲ್ಲ ಕಣೇ" ಎಂದ. "ಇಲ್ಲೇ ಇದಾನೆ. ಹಿಡ್ಕೊಂಡಿರು."